ಟೆಂಟಿನಲ್ಲಿ ಬಿದ್ದ ಇಲಿ

ಆವತಿ
18-2-1946, ಸೋಮವಾರ

ಪ್ರೀತಿಯ ಮಗಳು ಗಂಗೂಗೆ,

ನಿನ್ನ ಅಪ್ಪ ವೆಂಕಟರಾಯಪ್ಪ ತಲೆಯ ಮೇಲೆ ಕೈಯಿಟ್ಟು ಮಾಡುವ ಆಶೀರ್ವಾದ. ತಲೆ ಅನುಗೊಂಡನಹಳ್ಳಿಯಲ್ಲಿದೆ, ಕೈ ಆವತಿಯಲ್ಲಿದೆ, ಆದರೂ ಇಟ್ಟಿದ್ದೇನೆ ಅಂದುಕೋ. ಹೇಗಿದ್ದೀಯ? ಕಾಲು ಊದಿದೆ ಎಂದು ಕೊಂಡಪ್ಪ ಹೇಳಿದ. ಸಂಜೆ ಹೊತ್ತು ಬಿಸಿನೀರಿಗೆ ಒಂದು ಹಿಡಿ ಉಪ್ಪು ಹಾಕಿ ಕಾಲು ಇಳಿಬಿಟ್ಟುಕೊಂಡು ಕೂರಬೇಕಂತೆ, ನಿನ್ನ ಅವ್ವ ಹೇಳಿ ಬರೆಸುತ್ತಿದ್ದಾಳೆ. ಮುದ್ದೆ ಸೇರುತ್ತಿದೆಯೇ? ಎದೆ ಉರಿ ಕಡಿಮೆಯಾಯಿತೇ? ಒಲೆಯ ಮಣ್ಣು ಕೆರೆದು ತಿನ್ನುವುದನ್ನು ಬಿಟ್ಟಿದ್ದೀಯೋ ಇಲ್ಲವೋ? ನಿನ್ನನ್ನು ಹೊತ್ತಿದ್ದಾಗ ನಿನ್ನ ಅವ್ವ ಒಲೆಯ ಒಂದು ಗುಂಡನ್ನೇ ನೆಕ್ಕಿ ಸವೆಸಿಬಿಟ್ಟಿದ್ದಳು. ಪಾತ್ರೆ ಇಟ್ಟರೆ ಓಲಾಡುತ್ತಿತ್ತು. ನೀನು ಇಷ್ಟು ಬಿಸಿ ಬುದ್ಧಿಯವಳಾದದ್ದು ಆ ಒಲೆಯಿಂದಲೇ ಎಂದು ನನ್ನ ಎಣಿಕೆ. ಈ ಸಾಲು ಬರೆಯುವಾಗ ಅವಳು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾಳೆ. ಅವಳಿಗೆ ಓದು ಬಾರದು, ಆದರೆ ತಮಾಷೆ ಬರೆಯುವಾಗ ನನ್ನ ಮೀಸೆ ಅಲ್ಲಾಡುತ್ತದಂತೆ, ಅದನ್ನು ಓದುತ್ತಾಳೆ.

ನೀನು ಹೇಳಿ ಕಳಿಸಿದ ಮಾತನ್ನು ಕೊಂಡಪ್ಪ ನಿನ್ನೆ ತಂದು ಮುಟ್ಟಿಸಿದ. ಹೊಸಕೋಟೆ ಸಂತೆಗೆ ಹುಣಸೆಹಣ್ಣಿನ ಗಾಡಿ ಹೊಡೆದುಕೊಂಡು ಹೋದವನು ಅಷ್ಟು ದೂರ ಮುಂದೆ ಬಂದು ನಿನ್ನನ್ನು ನೋಡಿದ್ದು ದೊಡ್ಡದು. ಅವನು ಬಾಗಿಲಲ್ಲಿ ನಿಂತು, ನಿನ್ನ ಗಂಟಲಿನಲ್ಲೇ ಹೇಳಿದ. "ಅಪ್ಪಂಗೆ ಹೇಳು, ತಮಾಷೆ ಬ್ಯಾಡ. ಆವತೀಲಿ ಮತ್ತೆ ಇಲಿ ಬಿತ್ತೋ ಇಲ್ವೋ, ಅಷ್ಟು ಮಾತ್ರ ಬರೀಲಿ. ನಂಗೆ ಅವ್ವನ ಹತ್ರ ಬರ್ಬೇಕು." ಇದು ನಿನ್ನ ಮಾತು. ಇದರ ಹಿಂದೆಯೇ ನಿನ್ನ ಅತ್ತೆಯ ಮಾತನ್ನೂ ಅವನು ಬಿಡದೆ ತಂದಿದ್ದ. ಒಂಬತ್ತು ತಿಂಗಳು ತುಂಬುತ್ತಿರುವ ಹುಡುಗಿಯನ್ನು ಇಲಿ ಬಿದ್ದ ಊರಿಗೆ ಕಳಿಸುವುದಿಲ್ಲ, ಬೀಗರು ಏನಾದರೂ ಅಂದುಕೊಳ್ಳಲಿ, ಎಂದು. ನಿನ್ನ ಅವ್ವ ಅದನ್ನು ಕೇಳಿ ಒಳಗೆ ಹೋದವಳು ರಾಗಿ ಬೀಸಲು ಕೂತಳು. ಬೀಸುವ ಕಲ್ಲಿನ ಸದ್ದಿನಲ್ಲೇ ಬೈಗುಳ ಇತ್ತು.

ಅವಳ ಕೋಪ ಸುಳ್ಳಲ್ಲ ಗಂಗೂ. ಏಳರಲ್ಲಿ ನಿನ್ನನ್ನು ಕರೆತರಬೇಕಿತ್ತು, ಆಗ ನಾವೇ ಊರು ಬಿಟ್ಟು ಹೊಲದ ಗುಡಿಸಲಲ್ಲಿದ್ದೆವು. ಎಂಟರಲ್ಲಿ ಕರೆಯುವ ಹಾಗಿಲ್ಲ. ಉಳಿದದ್ದು ಈ ಒಂಬತ್ತೊಂದೇ, ಅದೂ ಓಡುತ್ತಿದೆ. ಚೊಚ್ಚಲ ಹೆರಿಗೆ ತವರಲ್ಲಿ ಆಗದಿದ್ದರೆ ತವರು ಯಾಕಿರಬೇಕು ಎಂದು ಅವಳು ಕೇಳುತ್ತಾಳೆ. ಆದ್ದರಿಂದ ಈ ಕಾಗದವನ್ನು ನೀನೂ ಓದು, ನಿನ್ನ ಗಂಡನಿಂದ ಓದಿಸಿ ಅತ್ತೆಗೂ ಕೇಳಿಸು. ನನ್ನ ಮಾತನ್ನು ಯಾರೂ ಸುಲಭಕ್ಕೆ ನಂಬುವುದಿಲ್ಲ ಎಂದು ನನಗೆ ಗೊತ್ತು. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ. ಇಲಿ ಬಿದ್ದದ್ದು ನಿಜ. ಬಿದ್ದದ್ದು ಆವತಿಯಲ್ಲಿ ಅಲ್ಲ, ದೇವನಹಳ್ಳಿಯ ಸಿನಿಮಾ ಟೆಂಟಿನ ಪರದೆಯ ಮೇಲೆ.

ದೀಪಾವಳಿ ಕಳೆದ ಮೇಲೆ ಪಟೇಲ ಅಪ್ಪಯ್ಯಣ್ಣನ ಅಟ್ಟದಿಂದ ಇಲಿ ಬಿದ್ದು, ಪ್ಲೇಗು ಬಂತೆಂದು ಊರೆಲ್ಲ ಹೊರಗೆ ಬಂದದ್ದು ನಿನಗೆ ತಿಳಿದೇ ಇದೆ. ಕೆರೆಯಾಚೆ ನಮ್ಮ ಕಣದ ಪಕ್ಕದಲ್ಲೇ ಗುಡಿಸಲು ಹಾಕಿದೆವು. ತೆಂಗಿನ ಗರಿ, ಮೇಲೆ ರಾಗಿ ಹುಲ್ಲು. ಆ ಚಳಿಯಲ್ಲಿ ನನ್ನ ಹಲ್ಲು ಕಟಕಟ ಅನ್ನುವುದನ್ನು ಕೇಳಿ ನಿನ್ನ ಅವ್ವ, ನಿದ್ದೆಯಲ್ಲೂ ಕಡಲೆ ತಿನ್ನುತ್ತೀರಲ್ಲ ಎಂದು ಬೈಯುತ್ತಿದ್ದಳು. ಪಕ್ಕದ ಗುಡಿಸಲಿನವರು ಗೊರಕೆ ಹೊಡೆದರೆ ನಾವು ಮಗ್ಗುಲು ಬದಲಿಸಬೇಕು, ಅಷ್ಟು ಹತ್ತಿರ. ಅಲ್ಲಿ ಎಲ್ಲರನ್ನೂ ನಗಿಸುವ ಕೆಲಸ ನನಗೇ ಬಿತ್ತು. ಯಾರೂ ಹೇಳಿದ್ದಲ್ಲ, ಆದರೂ ಸಂಜೆಯಾದರೆ ಬೆಂಕಿ ಸುತ್ತ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು, ಏನಾದರೂ ಹೇಳು ಎನ್ನುವ ಹಾಗೆ. ಹೇಳುತ್ತಿದ್ದೆ. ಹೇಳಿ ಹೇಳಿ ನನ್ನ ಹತ್ತಿರ ಇದ್ದದ್ದೆಲ್ಲ ಮುಗಿದು, ಹಳೆಯದನ್ನೇ ಹೆಸರು ಬದಲಿಸಿ ಹೇಳಿದೆ. ಅದಕ್ಕೂ ನಕ್ಕರು. ಈ ಸಲ ಊರಿನಲ್ಲಿ ಕೆಲವು ಮನೆಗಳಿಗೆ ದೀಪ ಹಚ್ಚುವವರಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬಸುರಿ ಕೇಳುವ ಮಾತಲ್ಲ.

ಸಂಕ್ರಾಂತಿ ಆದ ಮೇಲೆ ಇಲಿ ಬೀಳುವುದು ನಿಂತಿತು. ಅಪ್ಪಯ್ಯಣ್ಣ ದಿನ ನೋಡಿಸಿದ. ಮಾರಮ್ಮನಿಗೆ ತಂಬಿಟ್ಟಿನ ಆರತಿ ಎತ್ತಿ, ಯಾರೊಬ್ಬರೂ ಮುಂದಾಗದೆ ಎಲ್ಲರೂ ಒಟ್ಟಿಗೆ ಊರೊಳಗೆ ಹೊಕ್ಕೆವು. ಅಲ್ಲಿಂದ ಶುರುವಾಯಿತು ನನ್ನ ಬೆನ್ನಿನ ಪೂಜೆ. ಹೆಂಚು ಇಳಿಸಿ ಒಳಗೆಲ್ಲ ಬಿಸಿಲು ಬಿಡಿಸಿದೆ. ನೆಲ ಅಗೆದು ಹಳೇ ಮಣ್ಣು ಹೊತ್ತು ಆಚೆ ಹಾಕಿ, ಹೊಸ ಮಣ್ಣು ತುಂಬಿ ಕುಟ್ಟಿ ಗಟ್ಟಿ ಮಾಡಿದೆ. ಗೋಡೆಗೆ ಸುಣ್ಣ ಬಳಿದೆ. ನಿನ್ನ ಅವ್ವ ನೋಡಿ ಇನ್ನೊಂದು ಸಲ ಅಂದಳು, ಬಳಿದೆ. ಮತ್ತೊಂದು ಸಲ ಅಂದಳು, ಅದನ್ನೂ ಬಳಿದೆ. ಈಗ ನಮ್ಮ ಮನೆಯೊಳಗೆ ಹೋದರೆ ಕಣ್ಣು ಕುಕ್ಕುತ್ತದೆ. ನನ್ನ ತಲೆಯ ಮೇಲೆ ಬಿದ್ದ ಸುಣ್ಣ ಹೋಗಿದೆ, ಕೂದಲು ಮಾತ್ರ ಬೆಳ್ಳಗೇ ಉಳಿದಿದೆ. ಯಾವುದು ಸುಣ್ಣ ಯಾವುದು ವಯಸ್ಸು ಎಂದು ನನಗೇ ತಿಳಿಯುತ್ತಿಲ್ಲ.

ಹೀಗಿರುವಾಗ ದೇವನಹಳ್ಳಿ ಬಯಲಿನಲ್ಲಿ ಟೆಂಟು ಹಾಕಿದ್ದಾರೆ, ದೇವರ ಕಥೆಯ ಸಿನಿಮಾ ಬಂದಿದೆ ಎಂದು ಸುದ್ದಿ ಬಂತು. ಗುಡಿಸಲ ಸೆರೆಯಿಂದ ಬಿಡಿಸಿಕೊಂಡು ಬಂದ ಹೆಂಗಸರು ಒಂದೇ ಸಮನೆ ಹಟ ಹಿಡಿದರು. ಹುಣ್ಣಿಮೆ ಹತ್ತಿರವಿತ್ತು, ಬೆಳದಿಂಗಳು ಚೆನ್ನಾಗಿತ್ತು. ಗಾಡಿಗಳನ್ನು ಕಟ್ಟಿದೆವು. ಅಪ್ಪಯ್ಯಣ್ಣನೂ ಬಂದ, ಅವನಿಗೆ ಮಾತ್ರ ಕುರ್ಚಿ ಟಿಕೇಟು. ನಾವೆಲ್ಲ ನೆಲ. ನೆಲ ಎಂದರೆ ಮರಳು. ಮುಂದಿನವರ ತಲೆ ಅಡ್ಡ ಬಂದರೆ ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕೂರಬೇಕು. ಹಿಂದಿನವರು ಅದಕ್ಕಿಂತ ದೊಡ್ಡ ಗುಡ್ಡೆ ಮಾಡುತ್ತಾರೆ. ಆಟ ಶುರುವಾಗುವ ಹೊತ್ತಿಗೆ ಹಿಂದಿನ ಸಾಲು ನಂದಿ ಬೆಟ್ಟದ ಮೇಲೆ ಕೂತ ಹಾಗಿತ್ತು. ನಮ್ಮ ಪಕ್ಕದ ಮನೆಯ ಪಾಪಕ್ಕನನ್ನೂ ಕರೆದುಕೊಂಡು ಹೋಗಿದ್ದೆವು. ಈ ಸಲ ಅವಳ ಬಾಳಿನಲ್ಲಿ ಏನಾಯಿತೆಂದು ಬರೆಯುವುದಿಲ್ಲ ಅಂದೆನಲ್ಲ. ಗುಡಿಸಲಲ್ಲಿ ಇದ್ದಷ್ಟು ದಿನವೂ ಅವಳು ಮಾತಾಡಿದ್ದನ್ನು ನಾನು ಕೇಳಲಿಲ್ಲ. ನನ್ನ ತಮಾಷೆಗಳಿಗೆ ನಗದೆ ಉಳಿದವಳು ಅವಳೊಬ್ಬಳೇ.

ದೇವರ ಸಿನಿಮಾದ ರೀಲಿನ ಡಬ್ಬಿಗಳು ಬೆಂಗಳೂರಿನಿಂದ ಬರುವ ಬಸ್ಸಿನಲ್ಲಿ ಇನ್ನೂ ಬಂದಿರಲಿಲ್ಲ. ಜನ ಕೂಗಾಡಬಾರದು ಎಂದು ಟೆಂಟಿನವನು ಯಾವುದೋ ಇಂಗ್ಲಿಷ್ ನಗೆ ಚಿತ್ರ ಹಾಕಿದ, ಚಿಕ್ಕದು. ಅದರಲ್ಲಿ ಮನುಷ್ಯರೇ ಇಲ್ಲ ಗಂಗೂ. ಎಲ್ಲ ಕೈಯಲ್ಲಿ ಬರೆದ ಬೊಂಬೆಗಳು, ಆದರೆ ಓಡುತ್ತವೆ, ಹಾರುತ್ತವೆ, ಕಣ್ಣು ಹೊಡೆಯುತ್ತವೆ. ಒಂದು ದಪ್ಪ ಬೆಕ್ಕು, ಹೊಟ್ಟೆ ನಮ್ಮ ಪಟೇಲನದೇ. ಒಂದು ಹಿಂಡು ಇಲಿ. ಯಾರೋ ದೊರೆಗಳ ಅಡುಗೆ ಮನೆಯಲ್ಲಿ ಬೆಣ್ಣೆ ಉಂಡೆಯಂಥದು ಏನೋ ಇದೆ, ಅದನ್ನು ಬೆಕ್ಕು ಕಾಯಬೇಕು, ಇಲಿಗಳು ಕದಿಯಬೇಕು. ಬೆಕ್ಕು ಅಟ್ಟಿಸಿಕೊಂಡು ಹೋಗಿ ಬಾಗಿಲಿಗೆ ಬಡಿದು ರೊಟ್ಟಿಯ ಹಾಗೆ ಚಪ್ಪಟೆಯಾಯಿತು. ಆಮೇಲೆ ತನ್ನ ಹೆಬ್ಬೆರಳನ್ನು ತಾನೇ ಬಾಯಿಗಿಟ್ಟು ಊದಿಕೊಂಡು ಮತ್ತೆ ಉಬ್ಬಿತು. ಇಲಿಗಳು ಅದರ ಬಾಲವನ್ನು ಬೀಸುವ ಕಲ್ಲಿಗೆ ಕಟ್ಟಿ ತಿರುಗಿಸಿದವು. ಜನ ಮರಳಿನ ಮೇಲೆ ಉರುಳಾಡಿ ನಕ್ಕರು. ನಾನು ಪಕ್ಕಕ್ಕೆ ತಿರುಗಿದೆ. ಪಾಪಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು, ಹೆಗಲು ಕುಲುಕಿಸಿಕೊಂಡು ನಗುತ್ತಿದ್ದಳು. ಇಷ್ಟು ತಿಂಗಳು ನನ್ನಿಂದಾಗದ್ದು ಒಂದು ಬರೆದ ಬೆಕ್ಕಿನಿಂದ ಆಯಿತಲ್ಲ ಎಂದು ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಆಮೇಲೆ ಇಲಿಗಳು ಒಂದು ಉಪಾಯ ಹೂಡಿದವು. ಒಂದು ಇಲಿ ಬಿಲದಿಂದ ಹೊರಗೆ ಬಂತು. ಅಡುಗೆ ಮನೆಯ ನಡುವೆ, ಹಗಲಲ್ಲೇ, ಹೆದರಿಕೆಯಿಲ್ಲದೆ. ಅಮಲೇರಿದವರ ಹಾಗೆ ಆ ಕಡೆ ಈ ಕಡೆ ವಾಲಾಡಿತು. ತನ್ನ ಸುತ್ತ ತಾನೇ ಸುತ್ತಿತು. ನಾಲ್ಕು ಕಾಲೂ ಮೇಲೆ ಮಾಡಿ ಬಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಬಿತ್ತು. ಅಟ್ಟದ ಅಂಚಿನಿಂದ ಮತ್ತೊಂದು ಬಿತ್ತು. ಇದು ಬೆಕ್ಕಿಗೆ ಮೋಸ ಮಾಡಲು ಆಡುವ ನಾಟಕ ಎಂದು ಆ ಸೀಮೆಯವರಿಗೆ ತಿಳಿಯುತ್ತದೋ ಏನೋ. ನಾವು ಅದೇ ವಾಲಾಟವನ್ನು, ಅದೇ ಸುತ್ತನ್ನು, ಅದೇ ನಾಲ್ಕು ಕಾಲನ್ನು ಅಪ್ಪಯ್ಯಣ್ಣನ ಅಟ್ಟದ ಕೆಳಗೆ ನೋಡಿ ಬಂದವರು. ಟೆಂಟಿನಲ್ಲಿ ನಗು ನಿಂತಿತು. ಆ ಮೌನದಲ್ಲಿ ಪಾಪಕ್ಕ ಬಾಯಿಂದ ಸೆರಗು ತೆಗೆದು ಮೆಲ್ಲಗೆ ಅಂದಳು, "ಇಲಿ ಬಿತ್ತು."

ನಿನಗೆ ಮಾತು ಬರುವ ಮೊದಲೇ ಇದನ್ನು ಕಲಿಸಿದ್ದೆವು. ಇಲಿ ಬಿತ್ತು ಎಂಬ ಮಾತು ಕಿವಿಗೆ ಬಿದ್ದರೆ ಎಲ್ಲಿ, ಯಾರ ಮನೆಯಲ್ಲಿ ಎಂದು ಕೇಳುತ್ತ ನಿಲ್ಲಬಾರದು. ಮೊದಲು ಕೂಸನ್ನು ಎತ್ತಿಕೊ, ಬಯಲಿಗೆ ಹೋಗು, ಕೇಳುವುದೆಲ್ಲ ಆಮೇಲೆ. ಯಾರೂ ಕೇಳಲಿಲ್ಲ. ಯಾರೂ ಕೂಗಲೂ ಇಲ್ಲ. ಎಲ್ಲರೂ ಎದ್ದರು, ಮಲಗಿದ್ದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡರು, ಟೆಂಟಿನ ಬಟ್ಟೆ ಎತ್ತಿ ನಾಲ್ಕೂ ಕಡೆಯಿಂದ ಹೊರಗೆ ಹೋದರು. ನಿನ್ನ ಅವ್ವ ಕಂಬಳಿಯನ್ನು ಎತ್ತಿಕೊಂಡು ಗಂಡನನ್ನು ಬಿಟ್ಟು ಹೋದಳು. ಆಮೇಲೆ ಕೇಳಿದ್ದಕ್ಕೆ, "ಎತ್ಕಳ್ಳಕ್ಕೆ ಕೂಸಿರ್ಲಿಲ್ಲ, ಕೈಗೆ ಸಿಕ್ಕಿದ್ದು ಎತ್ಕಂಡೆ" ಅಂದಳು. ನಾನೂ ಕೈಗೆ ಸಿಗುವ ಹಾಗೇ ಕೂತಿದ್ದೆ ಎಂದು ನಾನು ಹೇಳಲಿಲ್ಲ. ಆವತಿಯವರು ಹೋದದ್ದು ನೋಡಿ ದೇವನಹಳ್ಳಿಯವರೂ ಹೋದರು. ಕುರ್ಚಿಯಲ್ಲಿ ಕೂತಿದ್ದ ಅಪ್ಪಯ್ಯಣ್ಣ ಕುರ್ಚಿಯನ್ನು ಹೊತ್ತುಕೊಂಡೇ ಹೋಗಿದ್ದ, ಮಾರನೆಯ ದಿನ ಟೆಂಟಿನವನಿಗೆ ವಾಪಸು ಕಳಿಸಿದ.

ನಾನು ಯಾಕೆ ಏಳಲಿಲ್ಲ ಎಂದು ಕೇಳುತ್ತೀಯ. ಧೈರ್ಯದಿಂದಲ್ಲ ಮಗಳೇ. ಬೆಳಗಿನಿಂದ ಮೂರನೆಯ ಸುಣ್ಣ ಬಳಿದು, ಗಾಡಿ ಹೊಡೆದು ಬಂದಿದ್ದೆ. ತಣ್ಣನೆ ಮರಳಿನಲ್ಲಿ ಕೂತ ಮೇಲೆ ಕಾಲು ನನ್ನ ಮಾತು ಕೇಳಲಿಲ್ಲ. ಮತ್ತೆ ಊರು ಬಿಡಬೇಕು, ಮತ್ತೆ ಗರಿ ಕಡಿಯಬೇಕು, ಮತ್ತೆ ಬೆಂಕಿ ಸುತ್ತ ಕೂತವರನ್ನು ನಗಿಸಬೇಕು ಎಂದು ನೆನೆದೆ. ನೆನೆದ ಮೇಲೆ ಏಳುವುದಕ್ಕೆ ಮನಸ್ಸೂ ಬರಲಿಲ್ಲ. ಹೋಗುವವರು ಹೋಗಲಿ ಎಂದು ಕೂತುಬಿಟ್ಟೆ. ಟೆಂಟಿನಲ್ಲಿ ಉಳಿದವರು ನಾನು ಮತ್ತು ಕಡಲೆಕಾಯಿ ಮಾರುವವನು. ಹಾಗೆ ಕೂತದ್ದರಿಂದ ಮುಂದಿನದನ್ನು ನಾನು ನೋಡಿದೆ. ಬೆಕ್ಕು ಸಂತೋಷದಿಂದ ಕುಣಿಯಿತು, ಹೊಟ್ಟೆ ಸವರಿಕೊಂಡು ಮಲಗಿತು. ಬಿದ್ದಿದ್ದ ಮೊದಲನೆಯ ಇಲಿ ಒಂದು ಕಣ್ಣು ತೆರೆಯಿತು. ಆಮೇಲೆ ಒಂದೊಂದಾಗಿ ಎಲ್ಲವೂ ಎದ್ದವು. ಮೈ ಕೊಡವಿಕೊಂಡವು. ಬೆಕ್ಕಿನ ಮೀಸೆಯನ್ನು ಜಡೆ ಹೆಣೆದು, ಬೆಣ್ಣೆ ಉಂಡೆಯನ್ನು ಹೆಗಲ ಮೇಲಿಟ್ಟು ಮದುವೆ ದಿಬ್ಬಣದ ಹಾಗೆ ಹೊರಟವು. ನಾನು ನಕ್ಕೆ. ಅಷ್ಟು ದೊಡ್ಡ ಟೆಂಟಿನಲ್ಲಿ ಒಬ್ಬನ ನಗು ಎಷ್ಟು ಕೆಟ್ಟದಾಗಿ ಕೇಳಿಸುತ್ತದೆ ಎಂದು ನಿನಗೆ ಗೊತ್ತಿಲ್ಲ. ಒಬ್ಬನೇ ನಗುವುದು ಬಹಳ ಸುಸ್ತಿನ ಕೆಲಸ.

ಹೊರಗೆ ಹೋಗಿ ಗಾಡಿಗಳ ಹಿಂದೆ ಓಡಿದೆ. ಇಲಿ ಎದ್ದವು, ಎಲ್ಲ ಇಲಿಯೂ ಎದ್ದವು ಎಂದು ಕೂಗಿಕೊಂಡು ಓಡಿದೆ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಸತ್ತ ಇಲಿ ಬಿದ್ದರೆ ಊರು ಬಿಡುವುದು ಎಲ್ಲರಿಗೂ ಗೊತ್ತು, ಸತ್ತ ಇಲಿ ಎದ್ದು ಬಂದರೆ ಏನು ಬಿಡಬೇಕೆಂದು ಯಾರಿಗೂ ಗೊತ್ತಿಲ್ಲ. ಎತ್ತುಗಳಿಗೆ ಇನ್ನೆರಡು ಏಟು ಬಿದ್ದವು. ಆ ದಿನ ದೇವನಹಳ್ಳಿ ಬಿಟ್ಟ ಮಾತು ಗಾಡಿಗಿಂತ ಜೋರಾಗಿ ಓಡಿತು. ಬಿಡುವಾಗ ಒಂದು ಇಲಿ. ಸೂಲಿಬೆಲೆಗೆ ಬರುವಾಗ ಒಂದು ಮಂಕರಿ ತುಂಬ. ಹೊಸಕೋಟೆಯಲ್ಲಿ ಒಂದು ಗಾಡಿ. ನಿನ್ನ ಅತ್ತೆಯ ಕಿವಿಗೆ ಬೀಳುವ ಹೊತ್ತಿಗೆ ಆವತಿಯಲ್ಲಿ ಇಲಿ ಬಿಟ್ಟರೆ ಬೇರೆ ಯಾರೂ ಉಳಿದಿರಲಿಲ್ಲ. ಆಕೆ ನಿನ್ನನ್ನು ತಡೆದದ್ದರಲ್ಲಿ ತಪ್ಪೇನಿದೆ.

ಊರಿನವರು ಮನೆಗೆ ಹೋಗದೆ ನೇರ ಗುಡಿಸಲಿಗೆ ಹೋದರು. ಬೆಳಿಗ್ಗೆ ಅಪ್ಪಯ್ಯಣ್ಣನ ಗುಡಿಸಲ ಮುಂದೆ ಸೇರಿದ್ದವರಿಗೆ ನಾನು ನಿಧಾನವಾಗಿ ತಿಳಿಸಿದೆ. ಅದು ಬರೆದ ಇಲಿ, ಬಣ್ಣದ ಇಲಿ, ಬಿದ್ದದ್ದು ಬೆಕ್ಕನ್ನು ಏಮಾರಿಸುವುದಕ್ಕೆ, ನೀವು ಹೋದ ಮೇಲೆ ಎದ್ದವು ಎಂದು. ಅಪ್ಪಯ್ಯಣ್ಣ ಎರಡೂ ತೋಳನ್ನು ಮುಂದೆ ಚಾಚಿದ. ನೆನಪಿದೆಯಾ, ಪ್ಲೇಗಿನ ಸೂಜಿ ಚುಚ್ಚುವ ಡಾಕ್ಟರು ಬಂದಾಗ, ಎರಡೂ ತೋಳಿಗೆ ಚುಚ್ಚಿಸಿಕೊಂಡವರಿಗೆ ಕಂಟ್ರೋಲು ರೇಷನ್ನಿನ ಸಕ್ಕರೆ ಎರಡರಷ್ಟು ಕೊಡುತ್ತಾರೆ ಎಂದು ನಾನು ಅವನಿಗೆ ಹೇಳಿದ್ದೆ. ಅವನು ಒಂದು ತೋಳಿಗೆ ಚುಚ್ಚಿಸಿಕೊಂಡು, ಬೇರೆ ರುಮಾಲು ಸುತ್ತಿ ಮತ್ತೆ ಸಾಲಿನಲ್ಲಿ ನಿಂತು ಇನ್ನೊಂದಕ್ಕೂ ಚುಚ್ಚಿಸಿಕೊಂಡ. ಎರಡೂ ಕೈ ಎತ್ತಲಾರದೆ ಮಲಗಿದ್ದಾಗ ಹೆಂಡತಿ ಮುದ್ದೆ ತಿನ್ನಿಸಬೇಕಾಯಿತು. "ನಿನ್ನ ಮಾತ್ನ ನಂಬಿ ಈ ತೋಳು ಹೋಯ್ತು, ಆ ತೋಳು ಹೋಯ್ತು. ಇನ್ನೊಂದ್ಸಲ ನಂಬಕ್ಕೆ ನನ್ನತ್ರ ತೋಳಿಲ್ಲ ಕಣ್ಲಾ ರಾಯಪ್ಪ" ಎಂದ. ಸೇರಿದ್ದವರೆಲ್ಲ ನಕ್ಕರು. ನಗಿಸಿದ್ದು ನಾನಲ್ಲ, ಆದರೂ ನನ್ನಿಂದಲೇ. ನಕ್ಕು ಎಲ್ಲರೂ ಗುಡಿಸಲಿನೊಳಗೆ ಹೋದರು.

ಆಗ ನನಗೆ ನಿನ್ನ ಯೋಚನೆ ಹತ್ತಿತು. ಊರು ಗುಡಿಸಲಲ್ಲಿ ಕೂತರೆ ನಿನ್ನನ್ನು ಎಲ್ಲಿಗೆ ಕರೆತರಲಿ? ದೇವನಹಳ್ಳಿಗೆ ನಡೆದುಕೊಂಡು ಹೋಗಿ ಟೆಂಟಿನವನ ಕಾಲು ಹಿಡಿದೆ. ಪಾಪ, ಅವನೂ ಬಾಡಿ ಹೋಗಿದ್ದ, ಇಲಿ ಬಿದ್ದ ಟೆಂಟು ಎಂದು ಯಾರೂ ಆ ಕಡೆ ತಲೆ ಹಾಕುತ್ತಿರಲಿಲ್ಲ. ಆವತಿಯ ಹಿರಿಯರಿಗೆ ಅದೇ ಚಿತ್ರವನ್ನು ಪುಕ್ಕಟೆ ತೋರಿಸುತ್ತೇನೆ, ಕರೆದುಕೊಂಡು ಬಾ ಎಂದ. ಊರಿಗೆ ಬಂದು ಅಪ್ಪಯ್ಯಣ್ಣನ ಮುಂದೆ ಕೂತು, ಮಗಳ ಹೊಟ್ಟೆಯ ಮೇಲೆ ಆಣೆ, ಇದು ತಮಾಷೆಯಲ್ಲ ಎಂದೆ. ಅವನು ಬಹಳ ಹೊತ್ತು ನನ್ನ ಮೀಸೆಯನ್ನೇ ನೋಡಿದ. ಆಮೇಲೆ ಬರುತ್ತೇನೆ ಎಂದ, ಆದರೆ ಒಂದು ಕರಾರು. ಇಲಿ ಬೀಳುವುದನ್ನು ನೋಡುವುದಿಲ್ಲ, ಏಳುವುದನ್ನು ಮಾತ್ರ ನೋಡುತ್ತೇನೆ. ಬೀಳುವುದನ್ನು ಒಂದು ಸಲ ನೋಡಿಯಾಗಿದೆ, ಅದೇ ಸಾಕು ಎಂದ.

ಹಾಗೇ ಹೋದೆವು. ಏಳೆಂಟು ಜನ ಗಂಡಸರು ಕಂಬಳಿ ಹೊದ್ದು, ಟೆಂಟಿನ ಬಾಗಿಲ ಹತ್ತಿರವೇ, ಬೇಕಾದರೆ ಓಡುವ ಹಾಗೆ ಕೂತರು. ನಾನು ಹೇಳಿದಾಗ ತಲೆಗೆ ಕಂಬಳಿ ಎಳೆದುಕೊಳ್ಳಬೇಕು, ನಾನು ಹೇಳಿದಾಗ ತೆಗೆಯಬೇಕು. ಅಪ್ಪಯ್ಯಣ್ಣ ನನ್ನ ಕಿವಿಯನ್ನು ಹಿಡಿದುಕೊಂಡೇ ಕೂತ. "ಬೀಳ್ತಿರೋವಾಗ ತಗೀ ಅಂದ್ಯೋ, ಈ ಕಿವಿ ನಂದು" ಎಂದ. ಚಿತ್ರ ಶುರುವಾಯಿತು, ಮೊದಲ ಇಲಿ ವಾಲಾಡಿತು, ಹಾಕಿಕೊಳ್ಳಿ ಎಂದೆ. ಎಲ್ಲರೂ ಕಂಬಳಿಯೊಳಗೆ ಹೋದರು. ಕರಿಯ ಬಂಡೆಗಳ ಹಾಗೆ ಸಾಲಾಗಿ ಕೂತಿದ್ದರು. ಇನ್ನೂ ಇಲಿಗಳು ಬೀಳುತ್ತಿದ್ದವು. ಒಂದು ಗಳಿಗೆ ನನ್ನ ನಾಲಗೆ ತುರಿಸಿತು ಗಂಗೂ. ಈಗ ತೆಗೆಯಿರಿ ಎಂದುಬಿಟ್ಟರೆ ಹೇಗಿರುತ್ತದೆ! ಹುಟ್ಟಿದಾಗಿನಿಂದ ಅಂಥ ಗಳಿಗೆಯನ್ನು ನಾನು ಬಿಟ್ಟವನಲ್ಲ. ಆದರೆ ನೀನು ಬಾಗಿಲಲ್ಲಿ ಕೈ ಸೊಂಟಕ್ಕಿಟ್ಟು ನಿಂತ ಹಾಗೆ ಕಣ್ಣಿಗೆ ಬಂತು. ಬಾಯಿ ಮುಚ್ಚಿ ಕೂತೆ. ಬೆಕ್ಕು ಕುಣಿದು ಮಲಗಿತು, ಇಲಿ ಕಣ್ಣು ತೆರೆಯಿತು, ಆಮೇಲೆ ತೆಗೆಯಿರಿ ಎಂದೆ. ಇಲಿಗಳು ಮೈ ಕೊಡವಿಕೊಂಡು ಏಳುವುದನ್ನು ಆವತಿಯ ಹಿರಿಯರು ಉಸಿರು ಹಿಡಿದು ನೋಡಿದರು. ಅಪ್ಪಯ್ಯಣ್ಣ ನನ್ನ ಕಿವಿ ಬಿಟ್ಟ. "ಎದ್ವಲ್ಲೋ" ಎಂದ. ಬೆಕ್ಕಿನ ಮೀಸೆ ಜಡೆಯಾದಾಗ ಮೊದಲು ನಕ್ಕವನು ಅವನೇ.

ಮಾರನೆಯ ದಿನ ಅವನು ಹಾಸಿಗೆ ಹೊತ್ತು ಮನೆಗೆ ಬಂದ. ಪಟೇಲ ಬಂದ ಮೇಲೆ ಊರು ಬಂತು. ಪಾಪಕ್ಕ ಮಾತ್ರ ಇನ್ನೂ ಗುಡಿಸಲಲ್ಲಿದ್ದಾಳೆ, ಅವಳಿಗೆ ಊರೊಳಗೆ ಬರುವ ಆತುರವೇನೂ ಇಲ್ಲ. ಹೀಗೆ ಗಂಗೂ, ನೀನು ಕೇಳಿದ್ದಕ್ಕೆ ಜವಾಬು ಇದು. ಆವತಿಯಲ್ಲಿ ಮತ್ತೆ ಇಲಿ ಬಿದ್ದಿಲ್ಲ. ಸೂಜಿಯ ಡಾಕ್ಟರೂ ಬಂದು ನೋಡಿ ಹೋದರು. ಒಲೆ ಹೊಸದಾಗಿ ಹಾಕಿದೆ, ಮಣ್ಣು ರುಚಿಯಾಗಿದೆಯಂತೆ. ನಿನ್ನ ಅವ್ವ ಹೇಳುವುದೇನೆಂದರೆ, ಮಂಗಳವಾರ ಶುಕ್ರವಾರ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ, ಆದ್ದರಿಂದ ಗುರುವಾರ ಕೊಂಡಪ್ಪನ ಗಾಡಿಗೆ ಹುಲ್ಲು ಹಾಸಿ ಅವಳೇ ಬರುತ್ತಾಳೆ. ನಿನ್ನ ಅತ್ತೆಯನ್ನು ತಾನೇ ಒಪ್ಪಿಸುತ್ತಾಳಂತೆ. ಒಪ್ಪಿಸುವುದು ಎಂದರೆ ಏನೆಂದು ನಿನಗೆ ಗೊತ್ತು, ಅಳಿಯಂದಿರು ಆ ಹೊತ್ತಿಗೆ ಹೊಲದ ಕಡೆ ಹೋಗಿದ್ದರೆ ಒಳ್ಳೆಯದು.

ಇಷ್ಟನ್ನೂ ನಿನ್ನ ಅವ್ವನಿಗೆ ಓದಿ ಹೇಳಿದೆ. ಒಲೆಯ ಗುಂಡಿನ ಮಾತನ್ನು ಬಿಟ್ಟು ಓದಿದೆ. ಸರಿಯಾಗಿದೆ ಎಂದಳು. ಅಳಿಯಂದಿರಿಗೆ ನನ್ನ ಆಶೀರ್ವಾದ, ಬೀಗರಿಗೆ ನಮಸ್ಕಾರ. ನಿನ್ನ ಹೊಟ್ಟೆಯಲ್ಲಿರುವವರಿಗೆ, ಅಜ್ಜ ಕೇಳಿದ ಎಂದು ಮೆಲ್ಲಗೆ ತಟ್ಟಿ ಹೇಳು. ಮಾರಮ್ಮ ನಿನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಲಿ.

ಇಂತಿ ನಿನ್ನ ಅಪ್ಪ
ವೆಂಕಟರಾಯಪ್ಪ

ಬರೆಯದೆ ಬಿಟ್ಟ ಮಾತು: ಈ ಕಾಗದವನ್ನು ಟಪಾಲಿಗೆ ಹಾಕಿಸಲು ನಿನ್ನ ಅವ್ವ ಕೊಂಡಪ್ಪನನ್ನು ಕರೆಯಲು ಹೋಗಿದ್ದಾಳೆ, ಬರುವುದರೊಳಗೆ ಬರೆಯುತ್ತಿದ್ದೇನೆ. ಗುರುವಾರ ನೀನು ಹೊರಡಬೇಡ. ಮೇಲೆ ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಇಲಿ ಬಿದ್ದಿಲ್ಲ, ಮನೆ ಚೊಕ್ಕಟವಾಗಿದೆ, ಊರು ಒಳಗೆ ಮಲಗುತ್ತಿದೆ. ಪಾಪಕ್ಕನನ್ನು ಬಿಟ್ಟರೆ ಮಲಗದವರು ನಾವಿಬ್ಬರು. ಸಂಜೆಯಾದರೆ, ಕಣದಲ್ಲಿ ರಾಗಿ ಕಾಯಬೇಕು ಎಂದು ನಿನ್ನ ಅವ್ವ ಚಾಪೆ ಎತ್ತಿಕೊಂಡು ಗುಡಿಸಲಿಗೆ ಹೊರಡುತ್ತಾಳೆ. ಅವಳನ್ನು ಕಾಯಬೇಕು ಎಂದು ನಾನು ಹಿಂದೆ ಹೋಗುತ್ತೇನೆ. ರಾಗಿ ತೂರಿ ಮನೆಗೆ ತಂದು ಎಷ್ಟೋ ದಿನವಾಯಿತು. ಖಾಲಿ ಕಣವನ್ನು ಕಾಯುತ್ತಿದ್ದೇವೆ. ನಮ್ಮ ಮೈ ಇಡುವುದಕ್ಕೇ ಧೈರ್ಯ ಬಾರದ ನೆಲದ ಮೇಲೆ ನಿನ್ನನ್ನೂ ನಿನ್ನ ಕೂಸನ್ನೂ ಹೇಗೆ ಮಲಗಿಸಲಿ? ಬಿದ್ದ ಇಲಿ ಎದ್ದದ್ದನ್ನು ನಾನು ಈ ವಯಸ್ಸಿಗೆ ನೋಡಿದ್ದು ಆ ಟೆಂಟಿನ ಪರದೆಯ ಮೇಲೆ ಮಾತ್ರ. ನಿನ್ನ ಅತ್ತೆ ಹೇಳಿದ್ದೇ ಸರಿ, ಹೆರಿಗೆ ಅಲ್ಲೇ ಆಗಲಿ. ಚೊಚ್ಚಲ ಬಾಣಂತನ ಮಾಡಲಾರದ ತವರು ಎಂದು ಊರು ಆಡಿಕೊಳ್ಳುತ್ತದೆ, ಆಡಿಕೊಳ್ಳಲಿ. ಗಾಡಿ ಗುರುವಾರ ಬರುತ್ತದೆ. ನೀನು ಹುಟ್ಟಿದ ಮಂಚ, ತುಪ್ಪ, ಒಣಶುಂಠಿ, ಬೆಲ್ಲ, ಇವುಗಳ ಜೊತೆಗೆ ನಿನ್ನ ಅವ್ವನನ್ನೂ ಕೂರಿಸಿಕೊಂಡು ನಾನೇ ಬರುತ್ತೇನೆ. ಅವಳು ಅಲ್ಲೇ ಇದ್ದು ನಿನ್ನನ್ನು ನೋಡಿಕೊಳ್ಳಲಿ. ಮಂಚ ಯಾಕೆ ಎಂದು ಅವಳು ಕೇಳಿದರೆ, ಬರುವಾಗ ನೀನು ಮಲಗಿಕೊಂಡು ಬರಲಿ ಎಂದು ಹೇಳುತ್ತೇನೆ. ಸೂಲಿಬೆಲೆ ದಾಟಿದ ಮೇಲೆ ನಿಜ ಹೇಳುತ್ತೇನೆ, ಅಷ್ಟು ದೂರದಿಂದ ಇಳಿದು ನಡೆದು ಹಿಂದಿರುಗಲು ಅವಳ ಮಂಡಿ ಬಿಡುವುದಿಲ್ಲ. ಬೈಗುಳ ನನಗೇ ಇರಲಿ. ದಾರಿಯಲ್ಲಿ ಯಾರಾದರೂ, ಏನ್ ರಾಯಪ್ಪ, ಬೀಗರ ಮನೆಗೆ ಮಂಚ ಹೇರ್ಕಂಡ್ ಹೊಂಟಿದ್ದೀಯ ಎಂದರೆ, ಬಾಣಂತನ ನನಗೇ ಕಣಪ್ಪ ಎನ್ನುತ್ತೇನೆ. ನಗಲಿ. ಅಗೋ, ಅವಳ ಮಾತು ಬೀದಿಯಲ್ಲಿ ಕೇಳಿಸಿತು. ನೀನು ಹೊರಡಬೇಡ ಮಗಳೇ.